ಲೈನ್ ಕೊಟ್ಟ ಮೇಲೆ

"ಆ ವೈರ್ ವಾಪಸ್ ಚುಚ್ಚು," ಎಂದರು ಅತ್ತೆ.

ನೆಟ್ ವೈರು ನನ್ನ ಎಡಗೈಯಲ್ಲಿತ್ತು. ಬಲಗೈ ಮೌಸಿನ ಮೇಲಿತ್ತು. ಎರಡನ್ನೂ ಬಿಡಲಿಲ್ಲ.

"ಕಾಪಿ ಮುಗಿಯೋವರೆಗೂ ಇಲ್ಲ ಅತ್ತೆ."

"ಇದು ಯಾರ ಮನೆ?"

"ನಿಮ್ಮದು."

"ಕಂಪ್ಯೂಟರ್ ಯಾರದು?"

"ಅದೂ ನಿಮ್ಮದೇ."

"ಮತ್ತೆ?"

ಪರದೆಯ ಮೇಲೆ ಹಸಿರು ಪಟ್ಟಿಯೊಂದು ಅರ್ಧದ ಹತ್ತಿರ ತೆವಳುತ್ತಿತ್ತು. ಅದು ತುದಿ ಮುಟ್ಟಿದರೆ ಈ ಯಂತ್ರದ ಒಳಗಿರುವುದೆಲ್ಲದರ ಪ್ರತಿ ನಾನು ತಂದ ಪುಟ್ಟ ಡಿಸ್ಕಿಗೆ ಬರುತ್ತದೆ. ಅಳಿಸಿಹಾಕಿದ್ದರ ಗುರುತುಗಳೂ ಬರುತ್ತವೆ. ಅಲ್ಲಿಂದ ಅವನ್ನು ಎಬ್ಬಿಸಬಹುದು.

ಅಳಿಸಿಹಾಕಿದ್ದು ಫೋಟೋಗಳನ್ನು. ನನ್ನ ಗಂಡ ಕೆಲಸ ಮಾಡುತ್ತಿದ್ದ ಕೋಲ್ಡ್ ಸ್ಟೋರೇಜಿನ ಅಮೋನಿಯಾ ಕೊಳವೆಯಲ್ಲಿ ತುಕ್ಕು ತಿಂದ ಒಂದು ವಾಲ್ವ್ ಇತ್ತು. ಸಾಯುವ ವಾರ ಅವನು ಅದರ ಫೋಟೋ ತೆಗೆದು ತಾಯಿಯ ಕಂಪ್ಯೂಟರಿಗೆ ಕಳಿಸಿದ್ದ. ನಿನ್ನೆ ಮಧ್ಯಾಹ್ನ ನನ್ನ ಕಣ್ಣಾರೆ ನೋಡಿದ್ದೆ. ಪ್ರತಿ ಮಾಡಿಕೊಳ್ಳಲು ಅತ್ತೆ ಬಿಡಲಿಲ್ಲ. "ನನ್ನ ಮಗ ನನಗೆ ಕಳಿಸಿದ್ದು" ಎಂದರು. ಇವತ್ತು ಬೆಳಿಗ್ಗೆ ಫೋಲ್ಡರ್ ಖಾಲಿ.

ಸೋಮವಾರ ಸ್ಫೋಟದ ವಿಚಾರಣೆ. ಕಂಪನಿಯವರದು ಒಂದೇ ಮಾತು: ವಾಲ್ವ್ ಚೆನ್ನಾಗಿತ್ತು, ಅವನೇ ತಪ್ಪಾಗಿ ತಿರುಗಿಸಿದ. ಫೋಟೋ ಸಿಗದಿದ್ದರೆ ಅದೇ ನಿಜವಾಗುತ್ತದೆ. ಅವನ ಜೊತೆ ಸತ್ತ ಇಬ್ಬರು ಹೆಲ್ಪರುಗಳ ಜೀವವೂ ಅವನ ತಲೆಗೇ ಬರುತ್ತದೆ.

"ಗಂಡನ್ನ ಉಳಿಸ್ಕೊಳ್ಳೋಕಾಗ್ಲಿಲ್ಲ, ಮಿಷನ್ ಉಳಿಸೋಕೆ ಬಂದಿದ್ದಾಳೆ." ಅತ್ತೆ ಇದನ್ನು ಕಿಟಕಿಗೆ ಹೇಳಿದರು.

ಇಂಥ ಮಾತುಗಳು ಈಗ ತಾಗುತ್ತವೆ, ಒಳಗೆ ಹೋಗುವುದಿಲ್ಲ.

"ನಿನ್ನೆ ನಾನು ಹೋದ ಮೇಲೆ ಯಾರು ಬಂದಿದ್ರು ಅತ್ತೆ?"

"ಯಾರೂ ಇಲ್ಲ."

"ನಿಮ್ಮ ಚಿಕ್ಕ ಮಗ?"

"ಅವನು ಡ್ಯೂಟೀಲಿದ್ದ. ಕೆಲವರ ಹಾಗೆ ರಜೆ ಹಾಕಿ ಕಂಡೋರ ಮನೆ ಪತ್ತೇದಾರಿಕೆ ಮಾಡ್ತಾ ಕೂರಲ್ಲ."

"ನೀವು ಏನಾದರೂ ಒತ್ತಿದ್ರಾ?"

"ನಾನು ಏನೂ ಒತ್ತಲ್ಲ."

ನಾನು ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಏನೂ ಒತ್ತಿಲ್ಲ ಎನ್ನುವವರನ್ನು ದಿನಾ ನೋಡುತ್ತೇನೆ. ಬ್ರೌಸರಿನ ಸೆಟ್ಟಿಂಗ್ ತೆರೆದೆ. ಯಾವ ಯಾವ ಜಾಲತಾಣಗಳು ಬೇಕೆಂದಾಗ ಪರದೆಯ ಮೇಲೆ ಸೂಚನೆ ತೂರಿಸಬಹುದು ಎಂಬ ಪಟ್ಟಿ ಕೆಳಗೆ ಇಳಿಯುತ್ತಲೇ ಹೋಯಿತು. ಹವಾಮಾನ. ಪದಬಂಧ. ಹೆಣಿಗೆ. ಮಂಡಿನೋವು. ಮತ್ತೊಂದು ಮಂಡಿನೋವು. ನಿಮ್ಮ ಯಂತ್ರಕ್ಕೆ ವೈರಸ್ ಬಡಿದಿದೆ ಎಂದು ಹೆದರಿಸುವವು ಒಂದು ಗುಂಪು. ನೀವು ಗೆದ್ದಿದ್ದೀರಿ ಎನ್ನುವವು ಇನ್ನೊಂದು ಗುಂಪು.

"ಇಷ್ಟಕ್ಕೂ ಅನುಮತಿ ಕೊಟ್ಟಿದ್ದು ಯಾರು?"

"ಕೇಳ್ತವೆ, ಕೊಡ್ತೀನಿ. ಲೈನ್ ಕೇಳಿದೋರಿಗೆ ಇಲ್ಲ ಅನ್ನೋಕೆ ನಾನ್ಯಾರು?"

"ಕಳ್ಳ ಕೇಳಿದ್ರೂನಾ?"

"ಕಳ್ಳನಿಗೂ ಟೆಲಿಫೋನ್ ಬಿಲ್ ಬರುತ್ತೆ."

ಅತ್ತೆ ಊರಿಂದೂರಿಗೆ ಫೋನ್ ಲೈನ್ ಜೋಡಿಸಿಕೊಡುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕೂದಲು ಕಪ್ಪಿದ್ದಾಗ ಒಳಗೆ ಹೋಗಿ ಬೆಳ್ಳಗಾದ ಮೇಲೆ ಹೊರಗೆ ಬಂದರು. ಇವತ್ತಿಗೂ ಕುರ್ಚಿಗೆ ಬೆನ್ನು ಆನಿಸಿ ಕೂರುವುದಿಲ್ಲ. ಕೀಬೋರ್ಡ್ ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಇಟ್ಟಿರುತ್ತಾರೆ. ಒರೆಸಿಯೇ ಮುಟ್ಟುವುದು. ನಾನು ಮುಟ್ಟಿದ ಮೇಲೆ ಎರಡು ಸಲ ಒರೆಸುತ್ತಾರೆ.

ಒಂದೊಂದಾಗಿ ಅನುಮತಿಗಳನ್ನು ಕಿತ್ತೆ.

"ಇನ್ನು ಮೇಲೆ ನಿಮಗೆ ಬೇರೆ ಖಾತೆ ಮಾಡಿಕೊಡ್ತೀನಿ. ಓದೋದು, ನೋಡೋದು, ಮೇಲ್ ಮಾಡೋದು ಎಲ್ಲ ಆಗುತ್ತೆ. ಹೊಸದಾಗಿ ಏನಾದ್ರೂ ಒಳಗೆ ಸೇರಬೇಕು ಅಂದ್ರೆ ಪಾಸ್‌ವರ್ಡ್ ಕೇಳುತ್ತೆ."

"ಪಾಸ್‌ವರ್ಡ್ ಯಾರ ಹತ್ರ?"

"ನನ್ನ ಹತ್ರ."

"ನನ್ನ ಮನೆ ಬೀಗದ ಕೈ ನಿನ್ನ ಹತ್ರ. ಹಾಗನ್ನು ನೇರವಾಗಿ."

ಡೌನ್‌ಲೋಡ್ ಪಟ್ಟಿಯಲ್ಲಿ ನಿನ್ನೆಯದು ಏನೂ ಇರಲಿಲ್ಲ. ವೈರಸ್ ಹಿಡಿಯುವ ತಂತ್ರಾಂಶ ಸರಿಯಾಗಿ ಓಡುತ್ತಿತ್ತು, ಅದಕ್ಕೆ ಏನೂ ಸಿಕ್ಕಿರಲಿಲ್ಲ. ಬಾಗಿಲು ಒಡೆದ ಗುರುತಿಲ್ಲ. ಅಂದರೆ ಒಳಗಿನಿಂದಲೇ ತೆಗೆದುಕೊಟ್ಟಿದ್ದರು.

ವೈರ್ ಕಿತ್ತದ್ದಕ್ಕೋ ಏನೋ, ಗೋಡೆಯ ಮೇಲಿನ ನೆಟ್ ಡಬ್ಬಿಯ ಹಳದಿ ದೀಪ ಮಿನುಗತೊಡಗಿತು. ನಿಮ್ಮಪ್ಪ ನಿನಗೆ ಕಲಿಸಬೇಕಾದ್ದನ್ನ ಕಲಿಸಿಲ್ಲ ಎಂದು ಅತ್ತೆ ಶುರುಮಾಡಿದ್ದರು. ಮಾತಿನ ನಡುವೆಯೇ ಅವರ ಬಲಗೈ ಎದ್ದಿತು. ತೋರುಬೆರಳು ಚಾಚಿಕೊಂಡು ಆ ದೀಪದ ಕಡೆ ಹೊರಟು ಅರ್ಧ ದಾರಿಯಲ್ಲಿ ನಿಂತಿತು. ಅವರು ಕೈಯನ್ನು ಮಡಿಲಿಗೆ ಎಳೆದುಕೊಂಡರು.

"ಅದೇನತ್ತೆ?"

"ಅಭ್ಯಾಸ."

"ದೀಪ ಮಿನುಗಿದ್ರೆ ಏನು ಮಾಡ್ಬೇಕು?"

"ಎತ್ತಬೇಕು. ಉಸಿರು ಎಳೆದು ಬಿಡೋಷ್ಟರಲ್ಲಿ ಎತ್ತಬೇಕು. ಆ ಕಡೆ ಯಾರೋ ಸಾಯ್ತಿರ್ತಾರೆ, ಇಲ್ಲಾ ಯಾರಿಗೋ ಮಗು ಹುಟ್ತಿರುತ್ತೆ. ನಿಮಗೆಲ್ಲ ಏನು ಗೊತ್ತು."

"ಈ ಕಂಪ್ಯೂಟರಲ್ಲಿ ದೀಪ ಮಿನುಗುತ್ತಾ?"

ಅತ್ತೆ ಒದ್ದೆ ಬಟ್ಟೆ ತೆಗೆದುಕೊಂಡು, ಆಗಲೇ ಒರೆಸಿದ್ದ ಕೀಲಿಗಳನ್ನು ಮತ್ತೆ ಒರೆಸಿದರು.

"ನಿನ್ನೆ ಮಿನುಗ್ತಾ?"

"ಮೂಲೇಲಿ. ಹಳದೀದು. ಎತ್ತಿದೆ."

"ಏನೂ ಒತ್ತಿಲ್ಲ ಅಂದ್ರಿ."

"ಅದು ನನ್ನ ದೀಪ. ಅದು ಈ ನೆಟ್ಟಿನ ಕಸದ ಲೆಕ್ಕಕ್ಕೆ ಬರಲ್ಲ."

"ಎತ್ತಿದ ಮೇಲೆ ಏನಾಯ್ತು?"

"ಮೌಸಿನ ಬಾಣ ತಾನೇ ಓಡಾಡ್ತು."

"ಎಲ್ಲಿಗೆ ಹೋಯ್ತು?"

"ಗೊತ್ತಿಲ್ಲ."

"ಎದುರಿಗೇ ಕೂತಿದ್ರಲ್ಲ."

"ಕುರ್ಚಿ ತಿರುಗಿಸ್ಕೊಂಡೆ."

ನಾನು ಮೊದಲ ಬಾರಿಗೆ ಮೌಸ್ ಬಿಟ್ಟು ಅವರ ಮುಖ ನೋಡಿದೆ.

"ಲೈನ್ ಕೊಟ್ಟ ಮೇಲೆ ಮಧ್ಯೆ ಕಿವಿ ಹಾಕಬಾರದು," ಎಂದರು ಅತ್ತೆ. "ಸರ್ವೀಸಲ್ಲಿ ಒಂದೇ ಒಂದು ಸಲ ಹಾಕಿಲ್ಲ. ಬೇಕಾದ್ರೆ ಕೇಳ್ಕೊಂಡು ಬಾ."

ಕುರ್ಚಿ ತಿರುಗಿಸಿದರೆ ಎದುರಿಗೆ ಗೋಡೆ. ಗೋಡೆಯಲ್ಲಿ ಒಂದು ಮೊಳೆ. ಮೊಳೆಯಲ್ಲಿ ಏನೂ ನೇತುಹಾಕಿರಲಿಲ್ಲ. ಅತ್ತೆ ಆ ಮೊಳೆಯನ್ನು ನೋಡುತ್ತ ನೆಟ್ಟಗೆ ಕೂತಿದ್ದರು. ಬೆನ್ನ ಹಿಂದೆ ಯಾರೋ ಅವರ ಮಗನ ಕೊನೆಯ ಫೋಟೋಗಳನ್ನು ಆರಿಸಿ ಆರಿಸಿ ಅಳಿಸಿದರು.

ನಾನು ಬ್ರೌಸರಿನ ಮೂಲೆಯನ್ನು ಹಿಗ್ಗಿಸಿ ನೋಡಿದೆ. ಈಗ ಆರಿಹೋಗಿದ್ದ ಒಂದು ಪುಟ್ಟ ದೀಪದ ಬುರುಡೆ. ಬ್ರೌಸರಿಗೆ ಯಾರೋ ಕೈಯಾರೆ ಸೇರಿಸಿದ ಪುಟಾಣಿ ತಂತ್ರಾಂಶ. ಅದು ಮಿನುಗಿದಾಗ ಒತ್ತಿದರೆ ಯಂತ್ರದ ಹಿಡಿತ ದೂರದಲ್ಲಿ ಕೂತವರ ಕೈಗೆ ಹೋಗುತ್ತದೆ.

ಇಂಥ ಕೆಲಸ ಮಾಡುವವರು ಹೆದರಿಸುತ್ತಾರೆ, ಇಲ್ಲವೇ ಆಸೆ ತೋರಿಸುತ್ತಾರೆ. ಸುಮ್ಮನೆ ಒಂದು ಹಳದಿ ದೀಪ ಮಿನುಗಿಸಿ ಕಾಯುವ ಕಳ್ಳನನ್ನು ನಾನು ಕಂಡಿಲ್ಲ. ಇನ್ನಾರಾದರೂ ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದರು. ಇದು ಅತ್ತೆಯ ಅಳತೆ ತೆಗೆದು ಹೊಲಿದದ್ದು. ಅಳತೆ ಗೊತ್ತಿದ್ದವರು ಊಟದ ಮೇಜಿನಲ್ಲಿ ಎಕ್ಸ್‌ಚೇಂಜಿನ ಕಥೆ ಕೇಳಿ ಬೆಳೆದವರು.

ಹೊರಗೆ ಸ್ಕೂಟರ್ ನಿಂತಿತು.

ಒಳಗೆ ಬಂದವನು ಮೈದುನ, ನನ್ನ ಗಂಡನ ತಮ್ಮ. ಅಣ್ಣ ಸತ್ತ ಮೇಲೆ ಅದೇ ಕೋಲ್ಡ್ ಸ್ಟೋರೇಜಿನವರು ಇವನಿಗೆ ಗೋದಾಮಿನ ಮೇಲ್ವಿಚಾರಣೆ ಕೊಟ್ಟಿದ್ದರು. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ತೂಗುತ್ತಿತ್ತು. ಹಿಂದೆ ಬಂದವನು ರಸ್ತೆ ಮೂಲೆಯ ಕಂಪ್ಯೂಟರ್ ಅಂಗಡಿಯವನು. ಯಂತ್ರದ ಧೂಳು ಹೊಡೆಯಲು ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ಬಣ್ಣದ ಬ್ರಷ್ ಇಟ್ಟಿರುತ್ತಾನೆ. ಎಲ್ಲರೂ ಅವನನ್ನು ಬ್ರಷ್ ಎಂದೇ ಕರೆಯುವುದು.

"ಓ, ಅತ್ತಿಗೆ ಇಲ್ಲೇ ಇದ್ದಾರೆ," ಎಂದ ಮೈದುನ. "ಅಮ್ಮಾ, ಹೇಳ್ಲೇ ಇಲ್ಲ ನೀನು."

"ನಾನೇನು ಕರೆದು ಮಣೆ ಹಾಕಿದ್ನಾ?"

"ಬ್ರಷ್, ಬಿಚ್ಚಪ್ಪ. ಅಂಗಡಿಗೆ ತಗೊಂಡ್ಹೋಗಿ ಫಾರ್ಮ್ಯಾಟ್ ಹೊಡಿ. ವೈರಸ್ ಕಾಟ ಒಂದೇ ಸಲಕ್ಕೆ ಹೋಗ್ಲಿ."

ಹಸಿರು ಪಟ್ಟಿ ಮುಕ್ಕಾಲು ದಾಟಿತ್ತು. ಫಾರ್ಮ್ಯಾಟ್ ಮಾಡಿ ಮೇಲೆ ಹೊಸದಾಗಿ ತುಂಬಿದರೆ ಅಳಿಸಿದ್ದರ ಗುರುತೂ ಉಳಿಯುವುದಿಲ್ಲ.

"ಮುಟ್ಟಬೇಡಿ," ಎಂದೆ ಬ್ರಷ್‌ಗೆ.

ಅವನು ಬಾಗಿಲಲ್ಲೇ ನಿಂತ. ಯಾರ ಮಾತು ಕೇಳಬೇಕೆಂದು ಅತ್ತೆಯ ಮುಖ ನೋಡಿದ.

"ಯಾಕೆ ಅತ್ತಿಗೆ? ಅಮ್ಮನ ಕಂಪ್ಯೂಟರ್ ಕ್ಲೀನಾಗೋದು ನಿಮಗೆ ಬೇಡ್ವಾ?"

"ವೈರಸ್ ಬಂದಿದೆ ಅಂತ ನಿನಗೆ ಯಾರು ಹೇಳಿದ್ರು?"

"ಅಮ್ಮ. ಬೆಳಿಗ್ಗೇನೇ ಫೋನ್ ಮಾಡಿ ಹೇಳಿದ್ಲು. ಬಾಣ ತಾನೇ ಓಡಾಡ್ತು ಅಂತ."

ನನಗೆ ಗಂಟೆಗಟ್ಟಲೆ ಕೆದಕಿದ ಮೇಲೆ ಸಿಕ್ಕಿದ್ದು ಅವನಿಗೆ ಬೆಳಿಗ್ಗೇನೇ ಸಿಕ್ಕಿತ್ತು. ಅತ್ತೆ ನನ್ನ ಕಡೆ ನೋಡಲಿಲ್ಲ.

"ನಿನ್ನೆ ಸಂಜೆ ಎಲ್ಲಿದ್ದೆ?"

"ನೀವೇನು ಪೊಲೀಸಾ?"

"ಅಲ್ಲ. ಅದಕ್ಕೇ ಮರ್ಯಾದೆಯಾಗಿ ಕೇಳ್ತಿದ್ದೀನಿ."

"ಗೋದಾಮಲ್ಲಿದ್ದೆ. ಹೋಗಿ ವಿಚಾರಿಸಿ. ಹೇಗೂ ಗೇಟ್ ಹತ್ರ ಹೋಗಿ ನಿಂತು ಬೈಸ್ಕೊಂಡು ಬರೋದು ನಿಮಗೆ ರೂಢಿ ಆಗಿದೆ."

"ಅಣ್ಣನ್ನ ಕೊಂದವರ ಕಾರ್ಡು ಕೊರಳಿಗೆ ಹಾಕ್ಕೊಂಡು ಓಡಾಡೋದು ನಿನಗೆ ರೂಢಿ ಆದಂಗೆ."

ಬ್ರಷ್ ಕೆಮ್ಮಿದ. ಮೈದುನನ ಕಿವಿ ಕೆಂಪಾದವು.

"ಅಮ್ಮನ ಮಾತ್ರೆ ತರೋನು ನಾನು ಅತ್ತಿಗೆ. ಅಮ್ಮನ ಕಣ್ಣು ಡಾಕ್ಟರಿಗೆ ತೋರಿಸ್ಕೊಂಡು ಬರೋನು ನಾನು. ನೀವು ಬರೋದು ಫೋಟೋ ಬೇಕಾದಾಗ."

"ಫೋಟೋ ಮಾತು ಈಗ ನೀನೇ ಎತ್ತಿದೆ."

"ಎತ್ತಿದೆ. ಏನೀಗ? ಅಮ್ಮ ಎಲ್ಲಾ ಹೇಳಿದ್ದಾಳೆ. ನನ್ನ ಕೆಲಸ ಕಳೆಯೋಕೆ ನಿಮಗೆ ಆ ಫೋಟೋ ಬೇಕು. ಅಣ್ಣನಿಗೋಸ್ಕರ ಅಲ್ಲ."

ಅವನು ಎರಡು ಹೆಜ್ಜೆಯಲ್ಲಿ ಗೋಡೆ ಹತ್ತಿರ ಬಂದು ಸ್ವಿಚ್ಚಿನ ಮೇಲೆ ಬೆರಳಿಟ್ಟ. ನಾನು ಅವನ ಮಣಿಕಟ್ಟು ಹಿಡಿದೆ. ಅವನ ಬಲದ ಮುಂದೆ ನನ್ನ ಹಿಡಿತ ಏನೂ ಅಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

"ಬಿಡು ಅದನ್ನ," ಎಂದರು ಅತ್ತೆ.

ನಾನು ಬಿಟ್ಟೆ.

"ನಿನಗಲ್ಲ. ಅವನಿಗೆ." ಅವರ ದನಿ ಏರಿರಲಿಲ್ಲ. "ನಡೀತಾ ಇರೋ ಲೈನ್ ಕಡೀಬಾರದು. ಮುಗಿಲಿ."

"ಅಮ್ಮಾ, ಇದು ಲೈನ್ ಅಲ್ಲ."

"ನನಗೆ ಹೇಳ್ಕೊಡ್ತೀಯಾ?"

ಮೈದುನ ಬೆರಳು ತೆಗೆದ. ಅತ್ತೆ ನನ್ನ ಪರವಾಗಿ ಮಾತಾಡಿರಲಿಲ್ಲ. ಅವರು ಮಾತಾಡಿದ್ದು ನಿಯಮದ ಪರವಾಗಿ. ನನಗೆ ಅಷ್ಟು ಸಾಕಿತ್ತು.

ಬ್ರಷ್‌ನನ್ನು ಪರದೆಯ ಹತ್ತಿರ ಕರೆದೆ. ಮೂಲೆಯ ಬುರುಡೆ ತೋರಿಸಿದೆ.

"ಇದನ್ನ ನೀವು ಹಾಕಿದ್ದಾ?"

ಅವನು ಬಗ್ಗಿ ನೋಡಿ, ಬ್ರಷ್ಷಿನ ತುದಿಯಿಂದ ಗಲ್ಲ ಕೆರೆದುಕೊಂಡ.

"ನಾನಲ್ಲ ಮೇಡಂ. ಹೋದ ವರ್ಷ ಧೂಳು ಹೊಡೆಯೋಕೆ ಬಂದಾಗಲೇ ಇತ್ತು ಇದು. ಏನೋ ಅಡ್ನಾಡಿ ಇದ್ದಂಗಿದೆ, ತೆಗೆದುಬಿಡ್ಲಾ ಅಂದೆ. ಅಮ್ಮಾವ್ರು ಕೈಮೇಲೆ ಪಟ್ ಅಂತ ಕೊಟ್ರು. ಮಗ ಮಾಡಿಕೊಟ್ಟಿದ್ದು, ಮುಟ್ಬೇಡ ಅಂದ್ರು."

"ಯಾವ ಮಗ?"

"ನನ್ನ ನೋಡ್ಬೇಡಿ," ಎಂದ ಮೈದುನ. "ನನಗೆ ಟಿವಿ ರಿಮೋಟಿಗೆ ಸೆಲ್ ಹಾಕೋಕೂ ಬರಲ್ಲ."

ಅದು ನಿಜ. ಅವನು ಸೆಲ್ ಉಲ್ಟಾ ಹಾಕಿ ಹೊಸ ರಿಮೋಟ್ ತಂದವನು.

"ದೊಡ್ಡವನು," ಎಂದರು ಅತ್ತೆ.

ನನ್ನ ಗಂಡ.

"ಈ ನೆಟ್ಟಲ್ಲಿ ನಾನು ಏನೇನೋ ಅಂಟಿಸ್ಕೊಳ್ತಿದ್ದೆ. ಡ್ಯೂಟೀಲಿರೋನಿಗೆ ಫೋನ್ ಮಾಡೋಳಲ್ಲ ನಾನು. ಅದಕ್ಕೆ ಅವನೇ ಈ ದೀಪ ಮಾಡಿಕೊಟ್ಟ. ಅವನಿಗೆ ಬಿಡುವಾದಾಗ ಫೋನಿಂದ ದೀಪ ಹಚ್ತಿದ್ದ. ನಾನು ಎತ್ತಿದ್ರೆ ಅಲ್ಲಿಂದಲೇ ಒಳಗೆ ಬಂದು ಎಲ್ಲಾ ಗುಡಿಸಿ ಹೋಗ್ತಿದ್ದ. ಆ ಮಂಡಿನೋವಿನೋರ್ನೆಲ್ಲ ಓಡಿಸ್ತಿದ್ದ. ಈಗ ಯಾರೂ ಓಡಿಸಲ್ಲ."

"ನನಗೆ ಹೇಳಿರಲಿಲ್ಲ."

"ಎಲ್ಲಾ ನಿನಗೆ ಹೇಳ್ಬೇಕಿತ್ತಾ?"

ಬುರುಡೆಯ ಒಳಗಿನ ಕೋಡ್ ಸಾಲುಗಳನ್ನು ತೆರೆದೆ. ಅವನು ಬರೆಯುವ ರೀತಿ ನನಗೆ ಗೊತ್ತು, ಎಲ್ಲವನ್ನೂ ಬೇಕಾದ್ದಕ್ಕಿಂತ ಚಿಕ್ಕದಾಗಿ. ಆ ದೀಪ ಒಂದೇ ಫೋನಿನ ಮಾತು ಕೇಳುತ್ತಿತ್ತು. ಬೇರೆ ಯಾರು ಹಚ್ಚಿದರೂ ಹತ್ತದು. ಅಮ್ಮನ ಯಂತ್ರಕ್ಕೆ ಕಂಡವರು ಬರಬಾರದೆಂದು ಅವನು ಅಷ್ಟು ಜಾಗ್ರತೆ ಮಾಡಿದ್ದ. ಆ ಫೋನಿನ ನಂಬರ್ ಅಲ್ಲೇ ಇತ್ತು, ಅವನದೇ ನಂಬರ್.

ಆ ನಂಬರಿಗೆ ನಾನು ಈಗಲೂ ಫೋನ್ ಮಾಡುತ್ತೇನೆ. ಸ್ವಿಚ್ ಆಫ್ ಆಗಿದೆ ಎಂದು ಒಂದು ಹೆಣ್ಣುದನಿ ಹೇಳುತ್ತದೆ. ಕೇಳಿ ಇಡುತ್ತೇನೆ.

ಸ್ಫೋಟದಲ್ಲಿ ಫೋನ್ ಪುಡಿಯಾಯಿತು ಎಂದಿತ್ತು ಕಂಪನಿ. ನಮಗೆ ಕೊಟ್ಟದ್ದು ಒಂದು ಕೈಗಡಿಯಾರ, ಒಂದು ಜೊತೆ ಬೂಟು, ಮತ್ತು ಮುಚ್ಚಿದ ಶವಪೆಟ್ಟಿಗೆ. ನೋಡುವ ಹಾಗಿಲ್ಲ ಎಂದರು. ನಾವು ಒತ್ತಾಯ ಮಾಡಲಿಲ್ಲ.

"ಪುಡಿಯಾದ ಫೋನ್ ದೀಪ ಹಚ್ಚಲ್ಲ," ಎಂದೆ ಮೈದುನನಿಗೆ. "ಅದು ನಿಮ್ಮ ಕಂಪನೀಲಿ ಯಾರ ಹತ್ರ ಇದೆ?"

"ನನಗೆ ಪುಡಿ ತೋರಿಸಿದ್ರು ಅತ್ತಿಗೆ." ಅವನ ದನಿಯಲ್ಲಿ ಮೊದಲ ಬಾರಿಗೆ ಚುಚ್ಚು ಇರಲಿಲ್ಲ. "ಒಂದು ಕವರಲ್ಲಿ ಹಾಕಿ ತೋರಿಸಿದ್ರು. ಸಹಿ ಮಾಡಿದೆ."

"ಅವನದೇ ಅಂತ ಹೇಗೆ ಗೊತ್ತಾಯ್ತು?"

"ಅವರು ಹೇಳಿದ್ರು."

ಹಸಿರು ಪಟ್ಟಿ ತುದಿ ಮುಟ್ಟಿ ಮಾಯವಾಯಿತು. ನಾನು ಪುಟ್ಟ ಡಿಸ್ಕನ್ನು ಕಿತ್ತು ಚೀಲದ ಒಳಜೇಬಿಗೆ ಹಾಕಿ ಜಿಪ್ ಎಳೆದೆ. ಇನ್ನು ಈ ಯಂತ್ರದಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ.

"ಈಗಲಾದ್ರೂ ವೈರ್ ಚುಚ್ಚು," ಎಂದರು ಅತ್ತೆ.

"ಚುಚ್ತೀನಿ. ಅದಕ್ಕೆ ಮುಂಚೆ ಎಲ್ಲರೂ ಫೋನ್ ಮೇಜಿನ ಮೇಲಿಡಿ."

ಮೈದುನ ತನ್ನದನ್ನು ಸದ್ದಾಗುವಂತೆ ಇಟ್ಟ. ಬ್ರಷ್ ಎರಡು ಫೋನ್ ಇಟ್ಟ, ಸಂದೇಹ ಬೇಡವೆಂದು ಬ್ರಷ್ಷನ್ನೂ ಇಟ್ಟ. ಅತ್ತೆ ತಮ್ಮದನ್ನು ನನ್ನದರಿಂದ ಆದಷ್ಟು ದೂರ ಇಟ್ಟರು. ಬಂದ ತಕ್ಷಣ ಪರದೆಯ ಕ್ಯಾಮೆರಾಗೆ ಒಂದು ಚೂರು ಕಾಗದ ಅಂಟಿಸಿದ್ದೆ. ಅದು ಬಿಚ್ಚಿಲ್ಲವೆಂದು ಇನ್ನೊಮ್ಮೆ ನೋಡಿಕೊಂಡೆ. ವೈರ್ ಚುಚ್ಚಿದೆ.

ಕಾದೆವು. ಮೈದುನ ಬಾಯಿ ತೆರೆದ, ಅತ್ತೆ ಕೈಯೆತ್ತಿ ಸುಮ್ಮನಿರಿಸಿದರು. ಕೆಳಗೆ ರಸ್ತೆಯಲ್ಲಿ ಯಾರೋ ಶಟರ್ ಎಳೆದರು.

ಮೂಲೆಯಲ್ಲಿ ದೀಪ ಮಿನುಗಿತು.

ಮೇಜಿನ ಮೇಲೆ ಐದು ಫೋನುಗಳೂ ಕಪ್ಪಾಗಿ ಬಿದ್ದಿದ್ದವು. ಮೈದುನನ ಎರಡೂ ಕೈ ನನ್ನ ಕಣ್ಣೆದುರಿಗಿದ್ದವು. ಬೆಳಗಿನಿಂದ ನಾನು ಕಟ್ಟಿದ್ದ ಸಂಶಯವೆಲ್ಲ ಅಲ್ಲಿಗೆ ಬಿದ್ದುಹೋಯಿತು.

ಅತ್ತೆಯ ಬೆರಳು ಎದ್ದು ನಿಂತಿತ್ತು.

"ಎತ್ತಲಾ?" ಎಂದರು. ಈ ಮನೆಗೆ ಬಂದಾಗಿನಿಂದ ಅವರು ನನ್ನನ್ನು ಕೇಳಿದ ಮೊದಲ ಅನುಮತಿ.

"ಎತ್ತಿ. ಆದ್ರೆ ಇವತ್ತು ಕುರ್ಚಿ ತಿರುಗಿಸ್ಬೇಡಿ."

ಅವರು ಒತ್ತಿದರು. ದೀಪ ನಿಂತಿತು. ಬಾಣ ಅಲುಗಿ, ಯಾರೂ ಹಿಡಿಯದೆ ಪರದೆಯ ಅಡ್ಡಕ್ಕೆ ನಡೆಯಿತು. ಫೋಟೋ ಫೋಲ್ಡರಿನ ಕಡೆ ಹೋಗಲಿಲ್ಲ. ಬರೆಯುವ ಖಾಲಿ ಪುಟವೊಂದನ್ನು ತೆರೆಯಿತು. ಅಕ್ಷರಗಳು ಒಂದೊಂದಾಗಿ ಬಂದವು.

*ಅಮ್ಮ, ಅವಳು ಪಕ್ಕದಲ್ಲಿದ್ದಾಳಾ?*

ಮೈದುನ ಕುರ್ಚಿಯ ಬೆನ್ನು ಹಿಡಿದುಕೊಂಡ. ಬ್ರಷ್ ಗೋಡೆ ತಾಗುವವರೆಗೂ ಹಿಂದೆ ಸರಿದ. ನನ್ನ ಕೈ ವೈರಿನ ಮೇಲಿತ್ತು. ಕೀಳಲಾಗಲಿಲ್ಲ. ಆ ಪೆಟ್ಟಿಗೆಯನ್ನು ನಾವು ಯಾರೂ ತೆರೆದು ನೋಡಿರಲಿಲ್ಲ.

ಅತ್ತೆ ಬೆಚ್ಚಲಿಲ್ಲ. ನೀನು ಯಾರು ಎಂದು ಕೇಳಲಿಲ್ಲ. ಒದ್ದೆ ಬಟ್ಟೆಯಿಂದ ಕೀಬೋರ್ಡನ್ನು ಒಮ್ಮೆ ಒರೆಸಿದರು. ಈ ಪ್ರಶ್ನೆಗೆ ಹಿಂದೆಯೂ ಎಷ್ಟೋ ಸಲ ಉತ್ತರ ಕೊಟ್ಟವರ ಹಾಗೆ, ಕೀಲಿಗಳನ್ನು ಹುಡುಕದೆ, ಬರೆದರು.

*ಇಲ್ಲ.*